ನೇರಳೆ ನೆರಳಿನ ಬಿಳಿ ಹಸು

2020ರ ಲಾಕ್‌ಡೌನ್ ದಿನಗಳಲ್ಲಿ ನಮ್ಮ ಮನೆಗೊಂದು ಚಿತ್ರಕಲೆಯ ಕಿಟ್ ಬಂತು. ಸುರುಳಿ ಸುತ್ತಿದ ಒಂದು ಕ್ಯಾನ್‌ವಾಸು, ಮೂರು ಕುಂಚ, ಬೆರಳು ಹಿಡಿಸದಷ್ಟು ಚಿಕ್ಕದಾದ 24 ಡಬ್ಬಿಗಳಲ್ಲಿ ಬಣ್ಣ. ಕ್ಯಾನ್‌ವಾಸಿನ ತುಂಬ ನಕ್ಷೆಯಲ್ಲಿ ತಾಲ್ಲೂಕುಗಳನ್ನು ಗುರುತಿಸಿದಂತೆ ವಕ್ರವಕ್ರವಾದ ಗೆರೆಗಳು. ಒಂದೊಂದು ಮನೆಯೊಳಗೂ ಒಂದೊಂದು ಸಂಖ್ಯೆ. 7 ಎಂದಿರುವಲ್ಲಿ 7ನೇ ಡಬ್ಬಿಯ ಬಣ್ಣ ತುಂಬಬೇಕು, ಅಷ್ಟೆ. ಶಾಲೆ ಬಿಟ್ಟ ಮೇಲೆ ಕುಂಚ ಮುಟ್ಟದಿದ್ದ ಅಮ್ಮ ಎರಡು ದಿನ ಹೇಳಿದ ಹಾಗೆ ತುಂಬಿದರು. ಮೂರನೆಯ ದಿನ ತಕರಾರು ಶುರುವಾಯಿತು. ಚಿತ್ರದಲ್ಲಿದ್ದದ್ದು ಬಿಳಿ ಹಸು. ಅದರ ಹೊಟ್ಟೆಯ ಕೆಳಭಾಗದಲ್ಲಿ 14 ಎಂದು ಬರೆದಿತ್ತು. 14 ಎಂದರೆ ನೇರಳೆ. ‘ಬಿಳಿ ಹಸುವಿಗೆ ಯಾರಾದರೂ ನೇರಳೆ ಹಚ್ಚುತ್ತಾರೆಯೆ? ಡಬ್ಬಿಯ ನಂಬರೇ ತಪ್ಪಿರಬೇಕು’ ಎಂದರು.

ನಂಬರು ತಪ್ಪಿರಲಿಲ್ಲ. ಅದಕ್ಕೊಂದು ಕಾರಣವಿದೆ, ಕಾರಣದ ಹಿಂದೆ ಒಂದು ಕಥೆಯೂ ಇದೆ.

ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪಾಮರ್ ಪೇಂಟ್ ಎಂಬ ಕಂಪೆನಿಯಿತ್ತು. ಮಕ್ಕಳ ಬಣ್ಣದ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದ ಅದರ ಮಾಲೀಕ ಮ್ಯಾಕ್ಸ್ ಕ್ಲೈನ್‌ಗೆ ದೊಡ್ಡವರಿಗೂ ಬಣ್ಣ ಮಾರಬೇಕೆಂಬ ಆಸೆ. ಕಂಪೆನಿಯ ಕಲಾವಿದ ಡ್ಯಾನ್ ರಾಬಿನ್ಸ್‌ಗೆ ಒಂದು ಸಂಗತಿ ನೆನಪಾಯಿತಂತೆ: ಲಿಯೊನಾರ್ಡೊ ಡ ವಿಂಚಿ ಚಿತ್ರದ ಹಿನ್ನೆಲೆಯ ಭಾಗಗಳಿಗೆ ಸಂಖ್ಯೆ ಹಾಕಿ ಶಿಷ್ಯರಿಂದ ಬಣ್ಣ ತುಂಬಿಸುತ್ತಿದ್ದ ಎಂಬುದು. ರಾಬಿನ್ಸ್ ಮೊದಲು ತಾವೇ ಚಿತ್ರ ಬರೆದರು. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹರಡಿ, ಒಂದೊಂದು ಛಾಯೆಯ ಅಂಚಿಗೂ ಗೆರೆ ಎಳೆದು ಸಂಖ್ಯೆ ಕೊಟ್ಟರು. ಅವರ ಮೊದಲ ನಮೂನೆ ಆಧುನಿಕ ಶೈಲಿಯ ಅಮೂರ್ತ ಚಿತ್ರ. ಮಾಲೀಕರಿಗೆ ಅದು ಸೇರಲಿಲ್ಲ, ಸಂಖ್ಯೆಯ ಉಪಾಯ ಮಾತ್ರ ಹಿಡಿಸಿತು. ಮುಂದೆ ಭೂದೃಶ್ಯ, ಕುದುರೆ, ನಾಯಿಮರಿಗಳು ಬಂದವು. ಜನಕ್ಕೆ ಬೇಕಾಗಿದ್ದುದೂ ಅವೇ.

1951ರಲ್ಲಿ ‘ಕ್ರಾಫ್ಟ್ ಮಾಸ್ಟರ್’ ಹೆಸರಿನಲ್ಲಿ ಕಿಟ್‌ಗಳು ಅಂಗಡಿಗೆ ಬಂದವು. ಯಾರು ಬೇಕಾದರೂ ರೆಂಬ್ರಾಂಟ್ ಆಗಬಹುದು ಎಂಬುದು ಜಾಹೀರಾತಿನ ಭರವಸೆ. 1955ರಲ್ಲಿ ಸುಮಾರು 2 ಕೋಟಿ ಕಿಟ್‌ಗಳು ಮಾರಾಟವಾದುವು ಎಂಬುದು ಪ್ರಚಲಿತ ಲೆಕ್ಕ. ಆಗ ಆ ದೇಶದ ಜನಸಂಖ್ಯೆಯೇ ಸುಮಾರು 16.5 ಕೋಟಿ! ಶ್ವೇತಭವನಕ್ಕೂ ಈ ಗೀಳು ಹತ್ತಿತು. ಅಧ್ಯಕ್ಷ ಐಸೆನ್‌ಹೋವರ್ ಅವರ ಕಾರ್ಯದರ್ಶಿಗಳಲ್ಲೊಬ್ಬರಾದ ಥಾಮಸ್ ಸ್ಟೀಫನ್ಸ್ ಸಂಪುಟದ ಸದಸ್ಯರಿಗೆ, ಗಣ್ಯರಿಗೆ ಕಿಟ್ ಹಂಚಿ, ಅವರು ಮುಗಿಸಿ ಕೊಟ್ಟ ಚಿತ್ರಗಳನ್ನು ಗೋಡೆಗೆ ಹಾಕಿಸಿದರು. ಎಫ್‌ಬಿಐನ ಮುಖ್ಯಸ್ಥ ಎಡ್ಗರ್ ಹೂವರ್ ಒಂದು ಸ್ವಿಸ್ ಹಳ್ಳಿಗೆ ಬಣ್ಣ ತುಂಬಿದ್ದರು. ದೇಶವೆಲ್ಲ ನಡುಗುತ್ತಿದ್ದ ಆ ಮನುಷ್ಯ ಗೆರೆ ದಾಟದಂತೆ ಕುಂಚ ಹಿಡಿದು ಕುಳಿತದ್ದನ್ನು ಊಹಿಸಿಕೊಳ್ಳಿ.

ವಿಮರ್ಶಕರು ಸುಮ್ಮನಿರಲಿಲ್ಲ. ಲಕ್ಷಾಂತರ ಮಂದಿ ಒಂದೇ ಚಿತ್ರವನ್ನು ಒಂದೇ ರೀತಿ ಬರೆಯುವುದು ಕಲೆಯ ಅಣಕ ಎಂದರು. ಆಂಡಿ ವಾರ್ಹೋಲ್ 1962ರಲ್ಲಿ ಇವನ್ನೇ ವಸ್ತುವಾಗಿಸಿಕೊಂಡು, ಅರ್ಧ ಬಣ್ಣ ತುಂಬಿ ಅರ್ಧ ಸಂಖ್ಯೆ ಉಳಿಸಿದ ಚಿತ್ರಮಾಲೆ ರಚಿಸಿದ. ರಾಬಿನ್ಸ್ ಮಾತ್ರ ತಮ್ಮ ಕೆಲಸವನ್ನು ಕಲೆಯೆಂದು ಕರೆದುಕೊಂಡವರಲ್ಲ. ಕುಂಚ ಹಿಡಿಯದವರಿಗೆ ಕಲೆಯ ಅನುಭವ ಕೊಡುತ್ತದೆ ಎಂಬಷ್ಟೇ ಅವರ ವಾದ. 2019ರಲ್ಲಿ, 93ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ಹಸುವಿನ ಹೊಟ್ಟೆಗೆ ಬರೋಣ. ನಾವೆಲ್ಲ ಶಾಲೆಯಲ್ಲಿ ಬರೆದ ಚಿತ್ರ ನೆನಪಿದೆಯಲ್ಲ: ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ಗುಡಿಸಲು, ಪಕ್ಕದಲ್ಲಿ ತೆಂಗಿನ ಮರ. ನೀರು ನೀಲಿ, ಎಲೆ ಹಸಿರು, ಕಾಂಡ ಕಂದು. ಕಿಟಕಿಯಾಚೆ ಕಾಣುವ ಮರದ ಬಣ್ಣವನ್ನು ಯಾರೂ ನೋಡುತ್ತಿರಲಿಲ್ಲ. ‘ಮರ’ ಎಂಬ ಹೆಸರಿಗೊಂದು ಬಣ್ಣ ಗೊತ್ತಿತ್ತು, ಅದನ್ನೇ ಬಳಿಯುತ್ತಿದ್ದೆವು. ಹೊಸದಾಗಿ ಕಲಿಯುವವರಿಗೆ ಕಷ್ಟವಾಗುವುದು ಇಲ್ಲೇ. ಬಿಸಿಲಲ್ಲಿ ನಿಂತ ಬಿಳಿ ಹಸುವಿನ ನೆರಳಿನ ಭಾಗ ಬಿಳಿಯಾಗಿರುವುದಿಲ್ಲ. ಆಕಾಶದ ನೀಲಿ, ನೆಲದ ಕೆಂಪು ಅಲ್ಲಿ ಪ್ರತಿಫಲಿಸಿರುತ್ತವೆ. ಕಣ್ಣಿಗೆ ಅದು ಕಂಡರೂ ಬುದ್ಧಿ ‘ಹಸು ಬಿಳಿ’ ಎನ್ನುತ್ತದೆ. ಸಂಖ್ಯೆಗಾದರೋ ಹಸುವೂ ಗೊತ್ತಿಲ್ಲ, ಮರವೂ ಗೊತ್ತಿಲ್ಲ. 14 ಎಂದರೆ 14. ಹೆಸರನ್ನು ಬದಿಗಿಟ್ಟು ಛಾಯೆಯನ್ನಷ್ಟೇ ಹಚ್ಚುವ ಅಭ್ಯಾಸ ಹೀಗೆ ತಾನಾಗಿ ಆಗುತ್ತದೆ. ಹತ್ತಿರದಿಂದ ಬರೀ ಕಲೆಗಳಂತೆ ಕಾಣುವ ಚಿತ್ರ ಎಂಟಡಿ ದೂರದಿಂದ ದುಂಡಗೆ ಎದ್ದು ನಿಲ್ಲುವುದು ಈ ಛಾಯೆಗಳಿಂದಲೇ.

ಹಾಗಾದರೆ ಕಿಟ್ ಮುಗಿಸಿದವರಿಗೆ ಚಿತ್ರ ಬರುತ್ತದೆಯೆ? ಬರುವುದಿಲ್ಲ. ಗೆರೆ, ವಿನ್ಯಾಸ, ಬಣ್ಣದ ಮಿಶ್ರಣ, ಮೂರನ್ನೂ ಬೇರೆ ಯಾರೋ ಮುಗಿಸಿಟ್ಟಿರುತ್ತಾರೆ. ನಮ್ಮ ಚುಕ್ಕಿ ರಂಗೋಲಿಯಲ್ಲೂ ಸಂಖ್ಯೆಯಿದೆ, ಆದರೆ ಅಲ್ಲಿ ಚುಕ್ಕಿಗಳ ನಡುವೆ ಗೆರೆ ಎಳೆಯುವುದು ಕಲಿಯುವವಳ ಕೈ. ಕಿಟ್‌ನಲ್ಲಿ ಆ ಅವಕಾಶವಿಲ್ಲ. ಇದನ್ನು ಕಾಪಿ ಪುಸ್ತಕದಂತೆ ಬಳಸಿದರೆ ಮಾತ್ರ ಪ್ರಯೋಜನ. ಡಬ್ಬಿ ತೆರೆಯುವ ಮುನ್ನ ಆ ಜಾಗಕ್ಕೆ ಯಾವ ಬಣ್ಣ ಬರಬಹುದೆಂದು ಊಹಿಸಿ, ಆಮೇಲೆ ನೋಡಬೇಕು. ತಿಳಿ ಬಣ್ಣದಡಿ ಸಂಖ್ಯೆ ಇಣುಕುತ್ತದೆ. ಮೊದಲ ಲೇಪ ಒಣಗಿದ ಮೇಲೆ ಇನ್ನೊಂದು ಬೇಕು. ಎರಡನೆಯ ಕಿಟ್‌ನ ಹೊತ್ತಿಗೆ ಡಬ್ಬಿಗಳನ್ನು ಮುಚ್ಚಿಟ್ಟು, ಕೆಂಪು, ಹಳದಿ, ನೀಲಿ, ಬಿಳಿ ನಾಲ್ಕೇ ಬಣ್ಣ ಕೊಂಡು ಉಳಿದವನ್ನು ಬೆರೆಸಿಕೊಳ್ಳಲು ಪ್ರಯತ್ನಿಸಬಹುದು. ಒಂದು ಬೂದು ಬಣ್ಣ ಕೂಡಿಬರಲು ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ.

ಅಮ್ಮ ಗೊಣಗುತ್ತಲೇ 14 ಹಚ್ಚಿದರು. ಸಂಜೆ ಕೋಣೆಯ ಬಾಗಿಲಲ್ಲಿ ನಿಂತು ತುಂಬ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಚಿತ್ರಕ್ಕೆ ಚೌಕಟ್ಟು ಹಾಕಿಸುವಾಗ ಸಹಿ ಮಾಡಿ ಎಂದರೆ ಒಪ್ಪಲಿಲ್ಲ. ಕಳೆದ ತಿಂಗಳು ಅಡುಗೆಮನೆಯ ಕಿಟಕಿಯಲ್ಲಿಟ್ಟ ಹಾಲಿನ ಪಾತ್ರೆಯನ್ನು ನೋಡಿ ನೋಡಿ ಒಂದು ಚಿತ್ರ ಬರೆದಿದ್ದಾರೆ. ಪಾತ್ರೆ ಸೊಟ್ಟಗಾಗಿದೆ. ಮೂಲೆಯಲ್ಲಿ ಹೆಸರಿದೆ.