ಪ್ರಾಚೀನರ ನಿತ್ಯಜೀವನ ಮತ್ತು ವಚನಗಳ ಸಾಕ್ಷ್ಯ

ಅರಸರ ವಂಶಾವಳಿ, ಯುದ್ಧಗಳ ಕಾಲ, ದೇವಾಲಯಗಳ ನಿರ್ಮಾಣ ಇವು ಚರಿತ್ರಕಾರರಿಗೆ ಶಾಸನಗಳಿಂದ ಸಾಕಷ್ಟು ಖಚಿತವಾಗಿಯೇ ದೊರೆಯುತ್ತವೆ. ಆದರೆ ಆ ಅರಸರ ಕಾಲದಲ್ಲಿ ಬಾಳಿದ ಸಾಮಾನ್ಯ ಜನ ಏನನ್ನು ಉಣ್ಣುತ್ತಿದ್ದರು, ಹೇಗೆ ದುಡಿಯುತ್ತಿದ್ದರು, ಉಟ್ಟ ಬಟ್ಟೆಯ ನೂಲನ್ನು ಯಾರು ಯಾವ ಸಾಧನದಿಂದ ತೆಗೆಯುತ್ತಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ದಿನವೂ ಕಣ್ಣೆದುರು ನಡೆಯುವುದನ್ನು ಬರೆದಿಡಬೇಕೆಂದು ಸಾಮಾನ್ಯವಾಗಿ ಯಾರಿಗೂ ತೋರುವುದಿಲ್ಲ. ಹಾಗಿದ್ದರೂ ಕನ್ನಡನಾಡಿನಲ್ಲಿ ಇಂಥ ವಿಷಯಗಳಿಗೆ ಆಧಾರವಾಗಬಲ್ಲ ಎರಡು ಬಗೆಯ ಗ್ರಂಥಗಳಿವೆ. ನಿತ್ಯಜೀವನವನ್ನೇ ವಸ್ತುವಾಗಿಟ್ಟುಕೊಂಡು ಬರೆದ ಶಾಸ್ತ್ರಗ್ರಂಥಗಳು ಒಂದು ಬಗೆ. ಬೇರೊಂದು ಉದ್ದೇಶದಿಂದ ನುಡಿದರೂ ನಿತ್ಯಜೀವನವನ್ನು ಒಡಲಲ್ಲಿಟ್ಟುಕೊಂಡಿರುವ ಶರಣರ ವಚನಗಳು ಇನ್ನೊಂದು ಬಗೆ. ಇವೆರಡರ ಬೆಲೆ ಏನು, ಮಿತಿ ಏನು ಎಂಬುದು ವಿಚಾರಣೀಯವಾಗಿದೆ.

ಮೊದಲ ಬಗೆಯಲ್ಲಿ ಕನ್ನಡದ ಹಳೆಯ ಗ್ರಂಥ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’. ಕಲ್ಯಾಣದ ಚಾಲುಕ್ಯ ಅರಸ ಇಮ್ಮಡಿ ಜಯಸಿಂಹನ ಆಳ್ವಿಕೆಯಲ್ಲಿ, ಕ್ರಿ.ಶ. ೧೦೨೫ರ ಸುಮಾರಿಗೆ ಇದು ರಚಿತವಾಯಿತು. ಮನೆ ಕಟ್ಟುವ ಕ್ರಮ, ಭೂಮಿಯೊಳಗಿನ ನೀರನ್ನು ಗುರುತಿಸುವ ಬಗೆ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ಮನುಷ್ಯರಿಗೂ ದನಕರುಗಳಿಗೂ ಚಿಕಿತ್ಸೆ, ಶಕುನ ಹೀಗೆ ಒಬ್ಬ ಗೃಹಸ್ಥನಿಗೆ ಬೇಕಾದುದೆಲ್ಲವನ್ನೂ ಈ ಗ್ರಂಥ ಅಡಕವಾಗಿ ಹೇಳುತ್ತದೆ. ಹೆಸರಿಗೆ ತಕ್ಕಂತೆ ಇದು ಲೋಕಕ್ಕೆ ಉಪಕಾರವಾಗಲೆಂದು ಹೊರಟ ಕೃತಿ.

ಸುಮಾರು ಒಂದು ಶತಮಾನದ ಅನಂತರ ಅದೇ ಮನೆತನದ ಮುಮ್ಮಡಿ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಇದರ ಇನ್ನೊಂದು ಹೆಸರು. ಕ್ರಿ.ಶ. ೧೧೩೦ರ ಸುಮಾರಿನ ಈ ಗ್ರಂಥದಲ್ಲಿ ಐದು ವಿಂಶತಿಗಳೂ ನೂರು ಅಧ್ಯಾಯಗಳೂ ಇವೆ. ಅರಸನ ಸ್ನಾನ, ತಾಂಬೂಲ, ವಸ್ತ್ರ, ಭೋಜನ, ವಿನೋದ, ಕ್ರೀಡೆ ಎಲ್ಲವೂ ಇಲ್ಲಿ ವರ್ಣಿತವಾಗಿವೆ. ಇದರ ಅನ್ನಭೋಗದ ಭಾಗ ಆ ಕಾಲದ ಊಟದ ಬಗೆಗೆ ತುಂಬ ಬೆಲೆಯುಳ್ಳ ಆಧಾರ. ಮುಂದೆ ೧೬ನೆಯ ಶತಮಾನದ ಆರಂಭದಲ್ಲಿ ಮುಮ್ಮಡಿ ಮಂಗರಸ ಅಡುಗೆಗೆಂದೇ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ಬರೆದನು. ೧೮ನೆಯ ಶತಮಾನದ ಮೊದಲ ಭಾಗದಲ್ಲಿ ಕೆಳದಿಯ ವೀರಶೈವ ಅರಸ ಬಸವಪ್ಪನಾಯಕನ ‘ಶಿವತತ್ತ್ವರತ್ನಾಕರ’ ಸಿದ್ಧವಾಯಿತು. ಒಂಬತ್ತು ಕಲ್ಲೋಲಗಳ ಆ ಬೃಹತ್ ಸಂಸ್ಕೃತ ವಿಶ್ವಕೋಶದಲ್ಲಿ ಮತತತ್ತ್ವ, ರಾಜನೀತಿಗಳ ಜೊತೆಗೆ ಪಾಕಶಾಸ್ತ್ರಕ್ಕೂ ಸ್ಥಾನ ದೊರೆತಿರುವುದು ಗಮನಾರ್ಹ.

ಈ ಗ್ರಂಥಗಳಿಂದ ದೊರೆಯುವ ವಿವರ ಅಪಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವುಗಳಲ್ಲಿ, ಅದರಲ್ಲಿಯೂ ಅರಸರು ರಚಿಸಿದ ಕೃತಿಗಳಲ್ಲಿ, ಜೀವನವನ್ನು ನೋಡುವ ಕಣ್ಣು ಭೋಗಿಸುವವನದು. ಮಾನಸೋಲ್ಲಾಸದ ವಸ್ತ್ರೋಪಭೋಗದ ಭಾಗವನ್ನೇ ನೋಡಬಹುದು. ನಾಗಪಟ್ಟಣ, ಸಿಂಹಳ, ಮೂಲಸ್ಥಾನ, ಕಳಿಂಗ, ಮಹಾಚೀನ ಮೊದಲಾದ ಕಡೆಗಳಿಂದ ಬಂದ ಬಟ್ಟೆಗಳನ್ನು ಅದು ಹೆಸರಿಸುತ್ತದೆ. ಯಾವ ಬಟ್ಟೆ ಎಲ್ಲಿಂದ ಬಂತು, ಯಾವುದನ್ನು ಅರಸನು ಯಾವಾಗ ಉಡಬೇಕು ಎಂಬುದು ಅಲ್ಲಿ ಮುಖ್ಯ. ಆ ಬಟ್ಟೆಗೆ ನೂಲು ತೆಗೆದ ಕೈ ಯಾರದು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಏಳಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಅರಸನ ಗ್ರಂಥ ಅರಸನ ಅಗತ್ಯಕ್ಕಾಗಿ ಹುಟ್ಟಿದುದು.

ಆ ಪ್ರಶ್ನೆಗೆ ಉತ್ತರ ಅದೇ ಕಲ್ಯಾಣದಲ್ಲಿ, ಒಂದು ತಲೆಮಾರಿನ ಅಂತರದಲ್ಲಿಯೇ ಕೇಳಿಬಂತು. ಸೋಮೇಶ್ವರನ ಆಳ್ವಿಕೆ ೧೧೩೮ರಲ್ಲಿ ಮುಗಿಯಿತು. ೧೧೫೭ರ ಸುಮಾರಿಗೆ ಕಳಚುರಿ ಬಿಜ್ಜಳ ಅಧಿಕಾರವನ್ನು ಕೈಗೆ ತೆಗೆದುಕೊಂಡನು. ಬಸವಣ್ಣನವರ ಸುತ್ತ ಶರಣರು ನೆರೆದುದು ಆ ದಶಕಗಳಲ್ಲಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಮೇದರ ಕೇತಯ್ಯ, ಒಕ್ಕಲಿಗ ಮುದ್ದಣ್ಣ, ಸುಂಕದ ಬಂಕಣ್ಣ, ಮೋಳಿಗೆಯ ಮಾರಯ್ಯ, ಕೊಟ್ಟಣದ ಸೋಮವ್ವೆ ಈ ಹೆಸರುಗಳೇ ಒಂದು ಊರಿನ ದಿನಚರಿಯನ್ನು ಹೇಳುತ್ತವೆ. ದೋಣಿ ನಡೆಸುವುದು, ಬಟ್ಟೆ ಒಗೆಯುವುದು, ಹಗ್ಗ ಹೊಸೆಯುವುದು, ಬಿದಿರು ಸೀಳಿ ಬುಟ್ಟಿ ಹೆಣೆಯುವುದು, ಉಳುವುದು, ಸುಂಕ ಎತ್ತುವುದು, ಸೌದೆ ಮಾರುವುದು, ಭತ್ತ ಕುಟ್ಟುವುದು ಇವು ಇಲ್ಲಿ ವರ್ಣನೆಯ ವಸ್ತುಗಳಲ್ಲ, ಕಾಯಕಗಳು. ಭೋಗಿಸುವವನ ಕಣ್ಣಿಗೆ ಕಾಣದಿದ್ದುದು ದುಡಿಯುವವರ ಬಾಯಿಂದಲೇ ಇಲ್ಲಿ ಹೊರಬಂದಿದೆ.

ಇದಕ್ಕೆ ಒಂದು ಒಳ್ಳೆಯ ನಿದರ್ಶನ ಕದಿರ ರೆಮ್ಮವ್ವೆಯ ರಾಟೆಯ ವಚನ. ನೂಲುವುದು ಈ ಶರಣೆಯ ಕಾಯಕ. ದೊರೆತಿರುವ ಅವಳ ವಚನಗಳು ಕೆಲವೇ. ಈ ವಚನದಲ್ಲಿ ಅವಳು ತನ್ನ ರಾಟೆಯ ಅಡಿಯ ಹಲಗೆ, ತೋರಣ, ಬೊಂಬೆಗಳನ್ನು ತ್ರಿಮೂರ್ತಿಗಳಿಗೆ ಹೋಲಿಸುತ್ತಾಳೆ. ಎರಡು ಸೂತ್ರಕರ್ಣಗಳನ್ನು ಹೆಸರಿಸುತ್ತಾಳೆ. ಅರಿವನ್ನು ಕದಿರೆಂದೂ ಭಕ್ತಿಯನ್ನು ಅದನ್ನು ತಿರುಗಿಸುವ ಕೈಯೆಂದೂ ಕಾಣುತ್ತಾಳೆ. ‘ರಾಟೆ’ ಎಂಬ ಮಾತು ಒಂದೇ ಇದ್ದಿದ್ದರೆ ಅರ್ಥದಲ್ಲಿ ಸಂದೇಹಕ್ಕೆ ಎಡೆಯಿತ್ತು. ಬಾವಿಯ ನೀರು ಸೇದುವ ಗಾಲಿಗೂ ಆ ಹೆಸರುಂಟು. ಆದರೆ ಅಡಿಯ ಹಲಗೆ, ಕದಿರು, ಸುತ್ತಿಕೊಳ್ಳುವ ನೂಲು ಇವೆಲ್ಲ ಒಟ್ಟಿಗೆ ಬಂದಿರುವುದರಿಂದ ಇದು ನೂಲುವ ರಾಟೆಯೇ ಹೊರತು ಬೇರೆಯಲ್ಲ. ಕೈಯಲ್ಲಿ ತಿರುಗಿಸಿ ಬಿಡುವ ಬರಿಯ ಕದಿರೂ ಅಲ್ಲ.

ಇದು ಕೇವಲ ಭಾವುಕರ ಆಸಕ್ತಿಯ ವಿಷಯವಲ್ಲ. ಭಾರತದಲ್ಲಿ ನೂಲುವ ರಾಟೆ ಯಾವಾಗ ಬಳಕೆಗೆ ಬಂತು ಎಂಬುದು ಚರಿತ್ರಕಾರರಲ್ಲಿ ಚರ್ಚೆಯಾದ ಪ್ರಶ್ನೆ. ೧೪ನೆಯ ಶತಮಾನಕ್ಕಿಂತ ಹಿಂದೆ ಇಲ್ಲಿ ರಾಟೆಗೆ ಸ್ಪಷ್ಟವಾದ ಆಧಾರವಿಲ್ಲವೆಂದು ಇತಿಹಾಸಕಾರ ಇರ್ಫಾನ್ ಹಬೀಬ್ ೧೯೬೯ರಲ್ಲಿ ವಾದಿಸಿದರು. ಅವರು ತೋರಿದ ಮೊದಲ ಖಚಿತ ಉಲ್ಲೇಖ ೧೩೫೦ರಲ್ಲಿ ಇಸಾಮಿ ಎಂಬ ಕವಿ ಬರೆದ ಪಾರಸಿ ಕಾವ್ಯದ್ದು. ಆ ಕವಿಗೆ ಆಶ್ರಯ ಕೊಟ್ಟವನು ಕಲಬುರ್ಗಿಯಿಂದ ಆಳಿದ ಬಹಮನಿ ರಾಜ್ಯದ ಸ್ಥಾಪಕ. ಕಲ್ಯಾಣಕ್ಕೂ ಕಲಬುರ್ಗಿಗೂ ಹೆಚ್ಚಿನ ದೂರವಿಲ್ಲ; ಆದರೆ ಬಸವಣ್ಣನವರ ಕಾಲಕ್ಕೂ ಆ ಕಾವ್ಯಕ್ಕೂ ಸುಮಾರು ಇನ್ನೂರು ವರ್ಷಗಳ ಅಂತರವಿದೆ. ರೆಮ್ಮವ್ವೆಯ ವಚನ ೧೨ನೆಯ ಶತಮಾನದ್ದೆಂದು ಒಪ್ಪಿದರೆ ರಾಟೆಯ ಚರಿತ್ರೆಯೇ ಅಷ್ಟು ಹಿಂದಕ್ಕೆ ಹೋಗುತ್ತದೆ. ಒಬ್ಬ ನೂಲುವ ಹೆಂಗಸಿನ ಮಾತಿಗೆ ಇಷ್ಟು ತೂಕವಿರುವುದರಿಂದಲೇ ಆ ಮಾತನ್ನು ಎಚ್ಚರಿಕೆಯಿಂದ ಪರೀಕ್ಷಿಸಬೇಕಾಗಿದೆ.

ಪರೀಕ್ಷೆಯಲ್ಲಿ ಎರಡು ಅಂಶಗಳನ್ನು ಮರೆಯುವಂತಿಲ್ಲ. ಮೊದಲನೆಯದು ಕಾಲದ ಪ್ರಶ್ನೆ. ವಚನಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿಬಂದವು. ಅವುಗಳ ಸಂಗ್ರಹ, ಸಂಕಲನ, ವ್ಯಾಖ್ಯಾನಗಳ ದೊಡ್ಡ ಕಾರ್ಯ ನಡೆದುದು ವಿಜಯನಗರದ ಪ್ರೌಢದೇವರಾಯನ (೧೪೨೪–೧೪೪೬) ಕಾಲದಲ್ಲಿ ಮತ್ತು ಅನಂತರದಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯನ ‘ಶೂನ್ಯಸಂಪಾದನೆ’ಯೂ ೧೫ನೆಯ ಶತಮಾನದ್ದು. ಇಂದು ದೊರೆತಿರುವ ವಚನಗಳ ಓಲೆಪ್ರತಿಗಳು ಬಹುಪಾಲು ಆ ಶತಮಾನದಿಂದ ಈಚಿನವು. ಆದ್ದರಿಂದ ವಚನವೊಂದರಲ್ಲಿ ಕಾಣುವ ವಸ್ತು ವಚನಕಾರರ ಕಾಲದ್ದೇ, ಸಂಕಲನಕಾರರ ಕಾಲದ್ದೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ಕೇಳಿಕೊಳ್ಳಬೇಕಾಗುತ್ತದೆ.

ಎರಡನೆಯದು ಉಪಮಾನದ ಸ್ವಭಾವ. ರೆಮ್ಮವ್ವೆ ರಾಟೆಯ ಅಂಗಗಳ ಪಟ್ಟಿಯನ್ನು ಮಾಡಲು ಹೊರಟವಳಲ್ಲ. ತ್ರಿಮೂರ್ತಿಗಳಿಗೆ ಮೂರು ಅಂಗಗಳು ಬೇಕಾಗಿದ್ದವು, ಮೂರನ್ನು ಆರಿಸಿಕೊಂಡಳು. ಅವಳು ಹೇಳದೆ ಬಿಟ್ಟ ಭಾಗ ಆ ರಾಟೆಯಲ್ಲಿ ಇರಲಿಲ್ಲವೆಂದು ತೀರ್ಮಾನಿಸುವುದು ತಪ್ಪು. ಆದರೆ ಇದೇ ಸ್ವಭಾವದಿಂದ ಒಂದು ಪ್ರಯೋಜನವೂ ಇದೆ. ಉಪಮಾನ ಕೇಳುವವರಿಗೆ ಗೊತ್ತಿರುವ ವಸ್ತುವಾಗಿರಬೇಕು. ಇಲ್ಲದಿದ್ದರೆ ಅದರಿಂದ ಉಪಮೇಯ ತಿಳಿಯುವುದಿಲ್ಲ. ರಾಟೆಯನ್ನು ಬಲ್ಲ ಮನೆಗಳ ನಡುವೆ ಹುಟ್ಟಿದ ಮಾತು ಅದು ಎಂಬಷ್ಟನ್ನು ನಿಶ್ಚಯವಾಗಿ ಹೇಳಬಹುದು.

ಹೀಗಿರುವಾಗ ನಿರ್ಣಯದ ದಾರಿ ಯಾವುದು? ಒಂದು ಸಾಕ್ಷಿಯನ್ನು ಮತ್ತೊಂದರೊಡನೆ ಒರೆದು ನೋಡುವುದೇ ದಾರಿ. ಇಡ್ಡಲಿಯ ಚರಿತ್ರೆ ಇದಕ್ಕೊಂದು ಪಾಠ. ೧೦ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿದೆ. ಲೋಕೋಪಕಾರ ಉದ್ದಿನಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವುದನ್ನು ಹೇಳುತ್ತದೆ. ಮಾನಸೋಲ್ಲಾಸದ ಇಡ್ಡರಿಕೆಯೂ ಉದ್ದಿನದೇ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶದಿಂದ ಬರೆದ ಕೃತಿಗಳಲ್ಲಿ ಈ ತಿನಿಸು ಕಾಣಿಸಿಕೊಳ್ಳುವುದರಿಂದ ಅದು ಚಾಲುಕ್ಯರ ಕಾಲದಲ್ಲಿ ಬಳಕೆಯಲ್ಲಿತ್ತೆಂದೂ, ಇಂದಿನಂತೆ ಅಕ್ಕಿ ಬೆರೆಸುವ ಕ್ರಮ ಈಚಿನದೆಂದೂ ಧೈರ್ಯವಾಗಿ ಹೇಳಲು ಬರುತ್ತದೆ. ರಾಟೆಯ ವಿಷಯದಲ್ಲಿ ಇಂಥ ಜೊತೆಸಾಕ್ಷಿಗಳ ಬಲ ಬೇಕಾಗುತ್ತದೆ. ಅಲ್ಲಿಯವರೆಗೆ ರೆಮ್ಮವ್ವೆಯ ವಚನವನ್ನು ತಳ್ಳಿಹಾಕುವುದೂ ಸರಿಯಲ್ಲ, ಅದೊಂದರ ಮೇಲೆಯೇ ಚರಿತ್ರೆಯನ್ನು ನಿಲ್ಲಿಸುವುದೂ ಸರಿಯಲ್ಲ.

ಜೊತೆಸಾಕ್ಷಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದವು ಶಾಸನಗಳು. ದೇವಾಲಯಕ್ಕೆ ಬಿಟ್ಟ ದತ್ತಿಯನ್ನು ಹೇಳುವಾಗ ಅವು ಗಾಣಕ್ಕೆ ಇಷ್ಟು ಎಣ್ಣೆ, ಮಗ್ಗಕ್ಕೆ ಇಷ್ಟು ತೆರೆ, ಎಲೆಯ ಹೇರಿಗೆ ಇಷ್ಟು ಎಲೆ ಎಂದು ಲೆಕ್ಕವಿಡುತ್ತವೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳನ್ನು ಹೆಸರಿಸುತ್ತವೆ. ಕಲ್ಲಿನ ಮೇಲೆ ಕಾಲವೂ ನಿಂತಿರುತ್ತದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (೧೯೬೬) ಕ್ರಿ.ಶ. ೪೫೦ರಿಂದ ೧೧೫೦ರವರೆಗಿನ ಶಾಸನಗಳಿಂದ ಇಂಥ ವಿವರಗಳನ್ನು ಹೆಕ್ಕಿ ಜನಜೀವನದ ಚಿತ್ರವನ್ನು ಕಟ್ಟಿಕೊಟ್ಟ ಕೃತಿ. ಅದು ನಿಲ್ಲುವ ವರ್ಷವೇ ಶರಣರ ಕಾಲದ ಹೊಸ್ತಿಲು. ಸುಂಕದ ಬಂಕಣ್ಣನ ವಚನಗಳನ್ನು ಓದುವ ವಿದ್ಯಾರ್ಥಿ ಒಂದು ಕೈಯಲ್ಲಿ ಆ ಗ್ರಂಥವನ್ನೂ ಇಟ್ಟುಕೊಂಡರೆ ಹೇರು, ಸುಂಕ, ಕಟ್ಟೆಗಳ ಮಾತು ಬರಿಯ ಅಲಂಕಾರವಲ್ಲವೆಂಬುದು ಮನದಟ್ಟಾಗುತ್ತದೆ.

ಇಲ್ಲಿಯವರೆಗೆ ಹೇಳಿದುದು ವಚನಗಳಿಂದ ಚರಿತ್ರೆಗಾಗುವ ಲಾಭ. ಭಕ್ತರಿಗೂ ಸಾಹಿತ್ಯದ ವಿದ್ಯಾರ್ಥಿಗಳಿಗೂ ಇದಕ್ಕಿಂತ ಮುಖ್ಯವಾದುದು ಇದರ ಮರುಮುಖ: ನಿತ್ಯಜೀವನದ ತಿಳಿವಳಿಕೆಯಿಲ್ಲದೆ ವಚನದ ಅರ್ಥವೇ ಆಗುವುದಿಲ್ಲ. ಕುಲವನ್ನು ನಿರ್ಧರಿಸುವುದು ಮಾಡುವ ಕೆಲಸವೆಂದು ತೋರಿಸಲು ಬಸವಣ್ಣನವರು ಕಮ್ಮಾರ, ಮಡಿವಾಳ, ಸಾಲಿಗ, ಹಾರುವ ಈ ನಾಲ್ವರನ್ನು ಹೆಸರಿಸಿದ ವಚನ ಪ್ರಸಿದ್ಧವಾಗಿದೆ. ಅಲ್ಲಿ ಒಬ್ಬೊಬ್ಬನಿಗೂ ಅವನವನ ಕಸುಬಿನ ಕ್ರಿಯಾಪದವನ್ನೇ ಕೊಟ್ಟಿದ್ದಾರೆ. ನೇಯುವ ಸಾಲಿಗನಿಗೆ ಬಂದಿರುವ ಕ್ರಿಯಾಪದ ‘ಹಾಸು’. ಮಗ್ಗವನ್ನು ಕಾಣದ ಇಂದಿನ ಓದುಗ ಇದನ್ನು ಹಾಸಿಗೆ ಹಾಸುವ ಅರ್ಥದಲ್ಲಿ ತಿಳಿದು ಮುಂದೆ ಸಾಗಬಹುದು. ಬಟ್ಟೆಯಲ್ಲಿ ಉದ್ದಕ್ಕೆ ನಿಲ್ಲುವ ಎಳೆ ಹಾಸು. ಅಡ್ಡಲಾಗಿ ನುಗ್ಗುವ ಎಳೆ ಹೊಕ್ಕು. ನೂಲನ್ನು ಉದ್ದಕ್ಕೆ ಚಾಚಿ, ಗಂಜಿ ಹಚ್ಚಿ, ಎಳೆ ಎಳೆಯಾಗಿ ಬಿಡಿಸಿ ಸಿದ್ಧಪಡಿಸದೆ ನೇಯ್ಗೆ ಮೊದಲಾಗುವುದಿಲ್ಲ. ನೇಕಾರನ ದುಡಿಮೆಯಲ್ಲಿ ಮೊದಲನೆಯದೂ ತಾಳ್ಮೆಯದೂ ಆದ ಕೆಲಸವನ್ನು ಆ ಒಂದು ಪದ ಹಿಡಿದಿಟ್ಟಿದೆ. ‘ಹಾಸುಹೊಕ್ಕು’ ಎಂಬ ನುಡಿಗಟ್ಟನ್ನು ದಿನವೂ ಬಳಸುವ ಕನ್ನಡಿಗರಲ್ಲಿ ಅದರ ಮೂಲ ಮಗ್ಗದಲ್ಲಿದೆಯೆಂದು ಬಲ್ಲವರು ಕಡಿಮೆಯಾಗುತ್ತಿದ್ದಾರೆ.

ರೆಮ್ಮವ್ವೆಯ ಕದಿರಿನ ಮಾತೂ ಹಾಗೆಯೇ. ರಾಟೆಯಲ್ಲಿ ಕೈ ತಿರುಗಿಸುತ್ತದೆ, ನೂಲು ಮಾತ್ರ ಕದಿರಿನ ಮೇಲೆ ಕೂಡಿಕೊಳ್ಳುತ್ತದೆ. ಕೈ ನಿಂತರೆ ನೂಲಿಲ್ಲ. ಕದಿರಿಲ್ಲದಿದ್ದರೆ ಎಷ್ಟು ತಿರುಗಿಸಿದರೂ ಎಳೆ ನಿಲ್ಲುವ ಎಡೆಯಿಲ್ಲ. ಭಕ್ತಿಯ ಕ್ರಿಯೆಗೂ ಅರಿವಿನ ನೆಲೆಗೂ ಇರುವ ಸಂಬಂಧವನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ. ಆದರೆ ಈ ನೇರತೆ ರಾಟೆಯನ್ನು ಕಂಡವರಿಗೆ ಮಾತ್ರ. ಕಾಣದವರಿಗೆ ಅದು ಒಗಟು. ಒಗಟೆಂದು ತಿಳಿದವರು ಅದಕ್ಕೆ ಇಲ್ಲದ ಗೂಢಾರ್ಥಗಳನ್ನು ಹಚ್ಚುತ್ತಾರೆ. ಸರಳವಾದ ಅನುಭಾವದ ಮಾತು ಹೀಗೆ ಕ್ಲಿಷ್ಟವೆನಿಸಿಕೊಳ್ಳುವುದು ಶರಣರಿಗೆ ಆಗುವ ಅನ್ಯಾಯ.

ಫ.ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದಾಗ ಅಳಿವಿನ ಭಯವಿದ್ದುದು ಓಲೆಗರಿಗಳಿಗೆ. ಆ ಭಯ ಬಹುಮಟ್ಟಿಗೆ ತೀರಿದೆ. ೧೯೯೩ರಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಂಪುಟಗಳನ್ನು ಹೊರತಂದಿತು. ಪಾರಿಭಾಷಿಕ ಪದಗಳಿಗೂ ಆ ಮಾಲೆಯಲ್ಲಿ ಒಂದು ಕೋಶ ದೊರೆಯಿತು. ಗರಿಗಳು ಉಳಿದವು, ಗರಿಗಳಲ್ಲಿರುವ ಮಾತಿನ ಹಿಂದಿನ ಕೆಲಸಗಳು ಮರೆಯಾಗುತ್ತಿವೆ. ವಿದ್ಯುತ್ ಮಗ್ಗ ಬಂದ ಊರಿನಲ್ಲಿ ಬೀದಿಯುದ್ದ ಹಾಸು ಚಾಚುವ ನೋಟವಿಲ್ಲ. ಖಾದಿ ಕೇಂದ್ರಗಳಲ್ಲಿಯೂ ಒಂಟಿ ಕದಿರಿನ ರಾಟೆಯ ಸ್ಥಾನಕ್ಕೆ ಹಲವು ಕದಿರುಗಳ ಅಂಬರ ಚರಕ ಬಂದಿದೆ. ಎತ್ತಿನ ಗಾಣ, ಒನಕೆ, ಏತಗಳ ಗತಿಯೂ ಇದೇ. ನಿಘಂಟು ಪದಕ್ಕೆ ಅರ್ಥ ಕೊಡಬಲ್ಲದು. ಕೈ ಎಲ್ಲಿ ಹಿಡಿಯುತ್ತದೆ, ಎಳೆ ಎಲ್ಲಿ ಸೇರುತ್ತದೆ ಎಂಬುದನ್ನು ಅದು ತೋರಿಸಲಾರದು.

ಆದುದರಿಂದ ವಚನಗಳ ಅಧ್ಯಯನಕ್ಕೆ ಇಂದು ಬೇಕಾದ ಆಧಾರಗ್ರಂಥಗಳಲ್ಲಿ ಕೆಲವು ಇನ್ನೂ ನೇಕಾರರ ಓಣಿಗಳಲ್ಲಿ, ಒಕ್ಕಲು ಮನೆಗಳ ಅಟ್ಟಗಳಲ್ಲಿ ಬರೆಯದೆ ಉಳಿದಿವೆ ಎನ್ನಬೇಕು. ಒಂದು ವಚನವನ್ನು ಪಾಠ ಹೇಳುವ ಅಧ್ಯಾಪಕರು, ಪ್ರವಚನ ಮಾಡುವ ಶಾಸ್ತ್ರಿಗಳು, ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಅದರಲ್ಲಿ ಬರುವ ಕಸುಬಿನ ಪದವನ್ನು ಆ ಕಸುಬಿನ ಹಿರಿಯರ ಮುಂದಿಟ್ಟು ಕೇಳಿ, ಅವರು ಹೇಳಿದುದನ್ನು ಊರು, ವರ್ಷಗಳೊಡನೆ ಬರೆದು, ಉಪಕರಣದ ಚಿತ್ರವನ್ನು ತೆಗೆದಿಡುವುದು ದೊಡ್ಡ ವೆಚ್ಚದ ಕೆಲಸವಲ್ಲ. ರೆಮ್ಮವ್ವೆ ಹೇಳಿದ ಸೂತ್ರಕರ್ಣಗಳು ಕದಿರನ್ನು ಹಿಡಿದು ನಿಲ್ಲಿಸುವ ಎರಡು ಕಿವಿಗಳಿರಬೇಕೆಂದು ಹೆಸರಿನಿಂದ ಊಹಿಸಬಹುದು. ಹಳೆಯ ರಾಟೆಯ ಮುಂದೆ ಕುಳಿತು ಬೆರಳಿಟ್ಟು ಇದೇ ಎಂದು ತೋರಿಸಬಲ್ಲ ಅಜ್ಜಿಯೊಬ್ಬಳು ಯಾವುದೋ ಊರಿನಲ್ಲಿ ಇರುವವರೆಗೆ ಊಹೆಗೆ ತೃಪ್ತರಾಗಿ ಕುಳಿತುಕೊಳ್ಳುವುದು ಕಾಯಕವನ್ನು ಪೂಜ್ಯವೆಂದು ನಂಬಿದವರಿಗೆ ಒಪ್ಪುವಂಥದಲ್ಲ.