ನಲವತ್ತು ಮಕ್ಕಳಿರುವಲ್ಲಿ ಶೇಕಡಾ ಲೆಕ್ಕ

ಅಮೆರಿಕದ ‘ಚಾರ್ಟರ್ ಶಾಲೆ’ ಎಂದರೆ ಖಾಸಗಿ ಶಾಲೆ ಅಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಹಾಗಲ್ಲ. ದುಡ್ಡು ಸರ್ಕಾರದ್ದು, ಫೀಸಿಲ್ಲ, ಧರ್ಮಬೋಧನೆ ಇಲ್ಲ. ನಡೆಸೋದು ಮಾತ್ರ ಬೇರೆ ಆಡಳಿತ ಮಂಡಳಿ. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ಶುರುವಾಯಿತು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿ. ಮುಂಬೈ, ಪುಣೆಯಲ್ಲಿ ಆರ್‌ಟಿಇ ಶೇ. 25ರ ಸೀಟಿಗಾಗಿ ಮೊಬೈಲ್ ಹಿಡಿದು ಕಾದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ಕಿಂಡರ್‌ಗಾರ್ಟನ್‌ಗೆ ಐದು ವರ್ಷದ ಮಕ್ಕಳು ಬರ್ತಾರೆ. ನಗರದ ಒಂದು ಸಣ್ಣ ಶಾಲೆ. ಎರಡು ತರಗತಿ, ನಲವತ್ತು ಮಕ್ಕಳು ಅಂತಿಟ್ಟುಕೊಳ್ಳಿ. ಒಂದು ಮಗು ಅಂದರೆ ಶೇ. 2.5. ಬಾಡಿಗೆ ಏರಿತೆಂದು ನಾಲ್ಕು ಮನೆಯವರು ಬೇರೆ ಕಡೆ ಹೋದರೆ ‘ದಾಖಲಾತಿ ಶೇ. 10 ಕುಸಿತ’! ಕೇಳೋಕೆ ಗಾಬರಿ. ಆದರೆ ಪೂರ್ತಿ ಸುಳ್ಳು ಗಾಬರಿಯೂ ಅಲ್ಲ: ಅನುದಾನ ಬರೋದು ಮಕ್ಕಳ ತಲೆ ಲೆಕ್ಕದಲ್ಲಿ. ನಾಲ್ಕು ಮಕ್ಕಳು ಹೋದರೂ ತರಗತಿ ಎರಡೇ, ಟೀಚರ್ ಇಬ್ಬರೇ, ಖರ್ಚು ಅಷ್ಟೇ. ಆದ್ದರಿಂದ ಇಂಥ ಶಾಲೆಯ ವರದಿ ಸಿಕ್ಕರೆ ಶೇಕಡಾ ಬಿಡಿ, ತಲೆ ಎಣಿಸಿ.

ಜನಾಂಗದ ಕಲಂ ಇನ್ನೂ ಗೋಜಲು. ಉರ್ದು ಮಾತಾಡುವ ಪಾಕಿಸ್ತಾನಿ ಮಗು, ಲಾವೋಸ್ ಮೂಲದ ಹ್ಮಾಂಗ್ ಮಗು, ನಮ್ಮ ಕನ್ನಡದ ಮಗು, ಎಲ್ಲರೂ ‘ಏಷ್ಯನ್’. ಸೊಮಾಲಿ ಮಗು ‘ಕಪ್ಪು’. ಅರಬ್ ಮಗುವನ್ನು ‘ಬಿಳಿಯ’ ಎಂದೇ ಎಣಿಸುತ್ತಿದ್ದರು. ಅವರಿಗೆ ಬೇರೆ ಕಲಂ ಕೊಡುವ ನಿಯಮ ಬಂದದ್ದು 2024ರಲ್ಲಿ. ಬಡತನವನ್ನು ಅಳೆಯುವುದು ಮಧ್ಯಾಹ್ನದ ಉಚಿತ ಊಟಕ್ಕೆ ಅರ್ಹರಾದ ಮಕ್ಕಳ ಲೆಕ್ಕದಿಂದ. ಈಗ ಬಡ ಪ್ರದೇಶದ ಎಷ್ಟೋ ಶಾಲೆಗಳಲ್ಲಿ ಎಲ್ಲರಿಗೂ ಉಚಿತ ಊಟ. ಒಳ್ಳೆಯದೇ, ಆದರೆ ಆ ಅಂಕಿಯಿಂದ ಬಡವರೆಷ್ಟು ಅಂತ ತಿಳಿಯೋದಿಲ್ಲ.

ಟೀಚರಾಗಿ ನಾನು ಮೊದಲು ನೋಡೋದು ಮನೆಮಾತಿನ ಪ್ರಶ್ನೆಯನ್ನು. ನಮ್ಮ ಕಡೆಯ ಫಾರಂನಲ್ಲಿ ‘ಉರ್ದು’ ಅಂತಿರುತ್ತೆ, ಮಗು ಆಡೋದು ದಖನಿ. ಅಲ್ಲಿ ಸೇರಿಸುವಾಗಲೇ ಮನೆಯಲ್ಲಿ ಯಾವ ಭಾಷೆ ಅಂತ ಕೇಳ್ತಾರೆ. ಬೇರೆ ಭಾಷೆ ಬರೆದರೆ ಮಗುವಿನ ಇಂಗ್ಲಿಷ್ ಪರೀಕ್ಷಿಸಿ, ಬೇಕಾದರೆ ಹೆಚ್ಚಿನ ಪಾಠ ಕೊಡಲೇಬೇಕು. ಮಗುವನ್ನು ಬೇರೆ ಕೂರಿಸಿಯಾರು ಅಂತ ಹೆದರಿ ಕೆಲವು ತಂದೆತಾಯಿ ‘ಇಂಗ್ಲಿಷ್’ ಅಂತ ಬರೆದುಬಿಡ್ತಾರೆ. ಆಗ ಆ ಪಾಠ ಆ ಮಗುವಿಗೆ ಸಿಗದೇ ಹೋಗಬಹುದು.