ನೀರಿನೊಳಗಿನ ಸುಣ್ಣದ ಗವಿ

ಫಿಲಿಪ್ಪೀನ್ಸ್‌ನಿಂದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ನಡುವೆ ಪಲಾವು ಎಂಬ ಪುಟ್ಟ ದೇಶವಿದೆ. ಅದರ ದಕ್ಷಿಣದ ಹಿನ್ನೀರಿನಲ್ಲಿ ಜನವಸತಿಯಿಲ್ಲದ 445 ನಡುಗಡ್ಡೆಗಳು ಅಣಬೆಗಳ ಹಾಗೆ ನಿಂತಿವೆ: ಮೇಲೆ ದಟ್ಟ ಕಾಡು, ನೀರಿನ ಮಟ್ಟದಲ್ಲಿ ಸುತ್ತಲೂ ಕೊರೆದುಹೋದ ಬುಡ. 2012ರಲ್ಲಿ ಇವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೋಣಿಯಲ್ಲಿ ಕೂತು ನೋಡಿದವರಿಗೆ ಈ ದ್ವೀಪಗಳ ಅರ್ಧ ಕಥೆ ಮಾತ್ರ ತಿಳಿಯುತ್ತದೆ. ಉಳಿದರ್ಧ ನೀರಿನೊಳಗಿದೆ.

ಇವೆಲ್ಲ ಒಂದು ಕಾಲದ ಹವಳದ ದಿಬ್ಬಗಳು. ಸಮುದ್ರದೊಳಗೆ ಹವಳದ ಜೀವಿಗಳು ಕಟ್ಟಿದ ಸುಣ್ಣದ ರಾಶಿ ಗಟ್ಟಿಯಾಗಿ, ನೆಲದ ಒತ್ತಡಕ್ಕೆ ಮೇಲೆದ್ದು ದ್ವೀಪವಾಯಿತು. ಮೇಲೆದ್ದ ಮೇಲೆ ಮಳೆಯ ಕೆಲಸ ಶುರು. ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ತುಸು ಆಮ್ಲವಾಗಿ ಸುಣ್ಣಕಲ್ಲನ್ನು ಕರಗಿಸುತ್ತ ಒಳಗೆಲ್ಲ ಗವಿ ಕೊರೆಯುತ್ತದೆ. ಗವಿಯ ಮಾಡಿನಿಂದ ತೊಟ್ಟಿಕ್ಕುವಾಗ ಅದೇ ನೀರು ಸುಣ್ಣವನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಹೀಗೆ ಹನಿಹನಿಯಾಗಿ ಕೆಳಮುಖದ ಕಲ್ಲಿನ ಕೋಲುಗಳು ಬೆಳೆಯುತ್ತವೆ.

ಕೊರೊರ್ ಪಟ್ಟಣದ ಹತ್ತಿರ ಶಾಂಡೆಲಿಯರ್ ಗವಿ ಎಂಬುದೊಂದಿದೆ. ಅದರ ಬಾಯಿ ಸಮುದ್ರದ ಮಟ್ಟಕ್ಕಿಂತ ಕೆಳಗೆ. ಟಾರ್ಚ್ ಹಿಡಿದು ಒಳಗೆ ಈಜಿದರೆ ಕಾಣುವುದು ಇಂಥವೇ ಕಲ್ಲಿನ ಕೋಲುಗಳು, ನೀರಿನಲ್ಲಿ ಮುಳುಗಿಕೊಂಡು. ಗಾಳಿಯಿಲ್ಲದೆ ಅವು ಬೆಳೆಯಲಾರವು. ಅಂದರೆ ಈ ಗವಿ ಒಮ್ಮೆ ಒಣಗಿತ್ತು. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದಲ್ಲಿ ಭೂಮಿಯ ಅಪಾರ ನೀರು ಮಂಜಾಗಿ ಕಟ್ಟಿಕೊಂಡಿದ್ದಾಗ, ಸಮುದ್ರ ಈಗಿಗಿಂತ 120 ಮೀಟರ್‌ನಷ್ಟು ಕೆಳಗಿತ್ತು. ಪಾಠದಲ್ಲಿ ಓದಿದ ಆ ಸಂಖ್ಯೆಯ ಸಾಕ್ಷಿಯನ್ನು ಮುಟ್ಟುವಷ್ಟು ಹತ್ತಿರದಿಂದ ಕಾಣುವುದು ದೊಡ್ಡ ಭಾಗ್ಯವೇ ಸರಿ. ಆದರೆ ಮುಟ್ಟಬಾರದು, ಸಾವಿರಾರು ವರ್ಷಗಳ ಬೆಳವಣಿಗೆ ಒಂದು ಏಟಿಗೆ ಮುರಿಯುತ್ತದೆ.

ಗವಿಯಲ್ಲಿ ಮುಳುಗುವುದಕ್ಕೆ ಬೇರೆಯೇ ಶಿಸ್ತು ಬೇಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಟ್ಯಾಂಕಿನ ಗಾಳಿ ಮೇಲ್ಮೈಯಲ್ಲಿ ಬಾಳುವುದರ ಅರ್ಧ ಹೊತ್ತು ಮಾತ್ರ ಬಾಳುತ್ತದೆ. ತೆರೆದ ಕಡಲಲ್ಲಾದರೆ ತೊಂದರೆಯಾದಾಗ ನಿಧಾನವಾಗಿ ಮೇಲೇರಬಹುದು. ಇಲ್ಲಿ ತಲೆಯ ಮೇಲೆ ಕಲ್ಲು. ಕಾಲಿನ ರೆಕ್ಕೆಯನ್ನು ಜೋರಾಗಿ ಬಡಿದರೆ ತಳದ ಹೂಳೆದ್ದು ದಾರಿಯೇ ಕಾಣದಾಗುತ್ತದೆ. ಈ ಗವಿಯ ಕೆಲವು ಕೋಣೆಗಳಲ್ಲಿ ಮಾಡಿನ ಕೆಳಗೆ ಗಾಳಿ ಉಳಿದಿದೆ, ತಲೆ ಎತ್ತಿ ಮಾತಾಡಬಹುದು. ಎಲ್ಲ ಗವಿಗಳೂ ಇಷ್ಟು ಕರುಣೆ ತೋರುವುದಿಲ್ಲ.

ದ್ವೀಪಗಳ ಒಳಗಿನ ತಗ್ಗುಗಳಿಗೆ ಕಡಲು ನುಗ್ಗಿ ಉಪ್ಪುನೀರಿನ ಕೊಳಗಳೂ ಆಗಿವೆ. ಹೆಸರಾದದ್ದು ಲೋಳೆಮೀನುಗಳ ಕೊಳ, ಜೆಲ್ಲಿಫಿಶ್ ಲೇಕ್. ಸುಣ್ಣಕಲ್ಲಿನ ಬಿರುಕುಗಳ ಮೂಲಕವಷ್ಟೇ ಅದಕ್ಕೆ ಸಮುದ್ರದ ನಂಟು. ಅಲ್ಲಿನ ಹೊಂಬಣ್ಣದ ಲೋಳೆಮೀನುಗಳು ತಮ್ಮ ಮೈಯೊಳಗಿನ ಪಾಚಿಗೆ ಬೆಳಕು ಉಣಿಸಲು ದಿನವಿಡೀ ಸೂರ್ಯನ ಜಾಡು ಹಿಡಿದು ಈಜುತ್ತವೆ. ಅಲ್ಲಿ ಸ್ಕೂಬಾ ನಿಷಿದ್ಧ. ಸ್ನಾರ್ಕಲ್ ಕಚ್ಚಿಕೊಂಡು ಮೇಲ್ಮೈಯಲ್ಲಿ ತೇಲಬಹುದು, ಅಷ್ಟೇ. ಟ್ಯಾಂಕಿನ ಗುಳ್ಳೆಗಳು ಆ ಮೆದು ಜೀವಿಗಳಿಗೆ ಅಪಾಯ. ಇನ್ನು ಸುಮಾರು 15 ಮೀಟರ್ ಕೆಳಗಿನ ನೀರಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಕರಗಿರುವ ಹೈಡ್ರೋಜನ್ ಸಲ್ಫೈಡ್ ಚರ್ಮದ ಮೂಲಕವೇ ಮೈಗೆ ಸೇರಿ ವಿಷವಾಗುತ್ತದೆ.